ಗಾಳಿಯ ಹಾದಿ ಬಲ್ಲ ವಾಸ್ತುಶಿಲ್ಪಿ

ಹಲಸೂರಿನ ಆಚೆ, ಬೆಂಗಳೂರಿನ ಪೂರ್ವ ಅಂಚಿನಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಸಾಹಸಕ್ಕೆ ಮೈಸೂರು ಸರ್ಕಾರ ಕೈಜೋಡಿಸಿತ್ತು. ವಿಮಾನ ಕಟ್ಟಲು ಯಂತ್ರಗಳಿದ್ದರೆ ಸಾಲದು, ಆ ವಿದ್ಯೆ ಬಲ್ಲವರೂ ಬೇಕು. ಹೀಗಾಗಿ 1942ರಲ್ಲಿ ನಗರದ ಇನ್ನೊಂದು ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಗಾಳಿಸುರಂಗವನ್ನು ಒಳಗೊಂಡ ಅದರ ಕಟ್ಟಡಗಳನ್ನು ರೂಪಿಸಿದವರು ಒಟ್ಟೊ ಕೋನಿಗ್ಸ್‌ಬರ್ಗರ್ (1908-1999).

ಬರ್ಲಿನ್‌ನಲ್ಲಿ ಹುಟ್ಟಿದ ಈ ಯಹೂದಿ ವಾಸ್ತುಶಿಲ್ಪಿ 1933ರಲ್ಲಿ ಹಿಟ್ಲರನ ಜರ್ಮನಿಯನ್ನು ತೊರೆದರು. ಈಜಿಪ್ಟ್‌ನಲ್ಲಿ ಕೆಲವು ವರ್ಷ ಕಳೆದು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಆಗ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು. ಸಂಸ್ಥಾನದ ವಾಸ್ತುಶಿಲ್ಪಿಯಾದ ಅವರ ಕೆಲಸ ಹೆಚ್ಚಾಗಿ ಅದರ ಹೊರಗೆ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಅವರದೇ. ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಗಾಳಿ ಯಾವ ಕಿಟಕಿಯಿಂದ ಒಳಬರುತ್ತದೆ ಎಂಬ ಲೆಕ್ಕವನ್ನು ಅವರು ಇಲ್ಲಿ ಕಲಿತರು.

ದೇಶ ವಿಭಜನೆಯಾದಾಗ ಲಕ್ಷಾಂತರ ಜನ ಮನೆ ಕಳೆದುಕೊಂಡು ದೆಹಲಿಗೆ ಬಂದರು. ಸ್ವತಃ ನೆಲೆ ಕಳೆದುಕೊಂಡಿದ್ದ ಕೋನಿಗ್ಸ್‌ಬರ್ಗರ್ 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ಅವರ ಉಪಾಯ ಅಂದಿನ ಕಾಲಕ್ಕೆ ಅತ್ಯಾಧುನಿಕ: ಮನೆಯ ಗೋಡೆಗಳನ್ನು ಕಾರ್ಖಾನೆಯಲ್ಲಿ ಹಗುರ ಕಾಂಕ್ರೀಟಿನ ಹಲಗೆಗಳಾಗಿ ಎರಕ ಹೊಯ್ದು, ನಿವೇಶನಕ್ಕೆ ಒಯ್ದು ಜೋಡಿಸುವುದು. ಆದರೆ ಹಲಗೆಗಳು ಬಿರುಕುಬಿಟ್ಟವು. ಯೋಜನೆ ಟೀಕೆಗೆ ಗುರಿಯಾಯಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್‌ಗೆ ಹೋದರು.

ಸೋಲು ಅವರ ಕಲಿಕೆಯನ್ನು ಅಳಿಸಲಿಲ್ಲ. ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ 1954ರಲ್ಲಿ ಆರಂಭವಾದ ಉಷ್ಣವಲಯ ವಾಸ್ತುಶಿಲ್ಪ ವಿಭಾಗಕ್ಕೆ ಮುಂದೆ ಅವರೇ ಮುಖ್ಯಸ್ಥರಾದರು. ಉಷ್ಣದೇಶಗಳ ಮನೆ-ಕಟ್ಟಡಗಳನ್ನು ಕುರಿತು ಇತರರೊಡನೆ ಬರೆದ ಕೈಪಿಡಿ 1970ರ ದಶಕದಲ್ಲಿ ಹೊರಬಂದು, ಹಲವು ದೇಶಗಳ ವಿದ್ಯಾರ್ಥಿಗಳಿಗೆ ಪಠ್ಯವಾಯಿತು.

ಇಂದು ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಗಾಜು ಹೊದ್ದ ಕಚೇರಿಗಳಿಗೆ ‘ಹೈಟೆಕ್’ ಎಂಬ ಹೆಸರು. ಗಾಜಿನ ಮೂಲಕ ನುಗ್ಗಿದ ಬಿಸಿಲಿನ ಶಾಖ ಸುಲಭವಾಗಿ ಹೊರಹೋಗದು; ಅದನ್ನು ಹೊರದೂಡಲು ಯಂತ್ರಗಳು ಹಗಲಿಡೀ ವಿದ್ಯುತ್ ನುಂಗುತ್ತವೆ. ವಿಮಾನಗಳ ಪರೀಕ್ಷೆಗೆ ಸುರಂಗದೊಳಗೆ ಗಾಳಿ ಹರಿಯಲು ಕಟ್ಟಡ ಕೊಟ್ಟ ಕೋನಿಗ್ಸ್‌ಬರ್ಗರ್, ಮನುಷ್ಯರ ಕೋಣೆಗೆ ಕಿಟಕಿ ಇಡುವುದನ್ನೂ ತಂತ್ರಜ್ಞಾನವೆಂದೇ ಎಣಿಸಿದ್ದರು.