ಮನದಳಲಿಗೆ ಮರುಮಾತು ಕೊಡುವ ಯಂತ್ರ: ಚಾಟ್‌ಬಾಟ್ ಸಂಭಾಷಣೆ ಮತ್ತು ಗಡಿನಾಡಿನ ಕನ್ನಡ

ಬರೆದು ಕೇಳಿದ್ದಕ್ಕೆ ಬರೆದೇ ಉತ್ತರಿಸುವ ತಂತ್ರಾಂಶಕ್ಕೆ ಚಾಟ್‌ಬಾಟ್ ಎಂದು ಹೆಸರು. ಮಾನಸಿಕ ಆರೋಗ್ಯದ ನೆರವಿಗೆಂದೇ ರೂಪುಗೊಂಡ ಚಾಟ್‌ಬಾಟ್‌ಗಳು ಈಗ ನಮ್ಮ ಮಕ್ಕಳ ಕೈಯ ಮೊಬೈಲ್‌ಗೂ ಬಂದಿವೆ. ಅವುಗಳ ಮಾತನ್ನು ಯಾರು, ಹೇಗೆ ಹೆಣೆಯುತ್ತಾರೆಂಬುದನ್ನು ಕನ್ನಡ ಮಾಧ್ಯಮ ಶಾಲೆಗಳ ಪಾಲಕರು ಅರಿತಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ಈ ಪರಂಪರೆಯ ಆರಂಭದಲ್ಲಿರುವುದು ಅಮೆರಿಕದ ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ‘ಎಲಿಜಾ’. ಅದಕ್ಕೆ ತಿಳಿವಳಿಕೆ ಎಂಬುದಿರಲಿಲ್ಲ. ಹೇಳಿದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುತ್ತಿತ್ತು, ಅಷ್ಟೇ. ಆದರೂ ವೈಜೆನ್‌ಬಾಮ್ ಅವರ ಕಾರ್ಯದರ್ಶಿ ಅದರೊಡನೆ ‘ಮಾತನಾಡುವಾಗ’ ಅವರನ್ನೇ ಕೋಣೆಯಿಂದ ಹೊರಗಿರುವಂತೆ ಕೋರಿದರಂತೆ. ಯಂತ್ರ ಕೇಳಿಸಿಕೊಳ್ಳುತ್ತಿದೆ ಎಂಬ ಭ್ರಮೆ ಎಷ್ಟು ಸುಲಭವಾಗಿ ಹುಟ್ಟುತ್ತದೆಂದು ಕಂಡು ಅವರೇ ಮುಂದೆ ಇಂತಹ ಬಳಕೆಯ ಕಟು ಟೀಕಾಕಾರರಾದರು.

ಬೆಂಗಳೂರಿನಲ್ಲಿ ಹುಟ್ಟಿದ, ಪೆಂಗ್ವಿನ್ ರೂಪದ ‘ವೈಸಾ’ ಮತ್ತು ಅಮೆರಿಕದ ‘ವೋಬಾಟ್’ ಬೇರೊಂದು ಹಾದಿ ಹಿಡಿದವು. ಉತ್ತರಗಳನ್ನು ಮನೋವೈದ್ಯಕೀಯ ಬಲ್ಲವರು ಮೊದಲೇ ಬರೆದಿಡುತ್ತಿದ್ದರು; ಯಾವುದು ಎಲ್ಲಿ ಸಲ್ಲುತ್ತದೆಂದು ಯಂತ್ರ ಆರಿಸುತ್ತಿತ್ತು. ಈ ಕ್ರಮದಲ್ಲಿ ಯಂತ್ರ ಹುಚ್ಚುಚ್ಚಾಗಿ ನುಡಿಯುವ ಭಯ ಕಡಿಮೆ. ಆದರೆ ಅರ್ಥವಾಗದ ಮಾತಿಗೆ ತಪ್ಪು ಉತ್ತರ ಆರಿಸುವ ಭಯ ಉಳಿದೇ ಇರುತ್ತದೆ. 2018ರ ಡಿಸೆಂಬರಿನಲ್ಲಿ ಬಿ.ಬಿ.ಸಿ. ಪರೀಕ್ಷಿಸಿ ನೋಡಿದಾಗ, ಮಗುವೊಂದು ಲೈಂಗಿಕ ದೌರ್ಜನ್ಯವನ್ನು ಹೇಳಿಕೊಳ್ಳುವಂತಹ ವಾಕ್ಯಗಳನ್ನು ಈ ಎರಡೂ ಗುರುತಿಸಲಿಲ್ಲ. ಅದೂ ಇಂಗ್ಲಿಷಿನಲ್ಲಿ! ವಾಕ್ಯಗಳನ್ನು ತಾವೇ ಹೊಸೆಯುವ ಇಂದಿನ ಚಾಟ್‌ಬಾಟ್‌ಗಳದು ಇನ್ನೊಂದು ಬಗೆಯ ತೊಡಕು: ಅವು ಏನು ನುಡಿಯಬಹುದೆಂದು ಕಟ್ಟಿದವರೂ ಮುಂಚಿತವಾಗಿ ಹೇಳಲಾರರು.

ಇಂಗ್ಲಿಷಿನಲ್ಲೇ ಹೀಗಿರುವಾಗ ಆಂಡಿಪಟ್ಟಿಯ ಮಗುವಿನ ಕನ್ನಡದ ಗತಿಯೇನು? ತೇನಿ ಜಿಲ್ಲೆ, ಕಂಬಂ ಕಣಿವೆ, ದಿಂಡಿಗಲ್‌ನ ಚಿನ್ನಾಳಪಟ್ಟಿಯವರೆಗೂ ಹಬ್ಬಿರುವ ದೇವಾಂಗ, ಕಪ್ಪಿಲಿಯ ಮುಂತಾದ ಸಮುದಾಯಗಳ ಕುಟುಂಬಗಳು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುತ್ತ, ಶಾಲೆಯಲ್ಲಿ ತಮಿಳು ಕಲಿಯುತ್ತ ಬಂದಿವೆ. ಆ ಮನೆಯ ಮಗು ದುಃಖವನ್ನು ಕನ್ನಡದಲ್ಲಿ ಅನುಭವಿಸಿ ತಮಿಳು ಇಲ್ಲವೇ ರೋಮನ್ ಲಿಪಿಯಲ್ಲಿ ಟೈಪಿಸುತ್ತದೆ. ಬೆಂಗಳೂರಿನ ಗ್ರಾಂಥಿಕ ಕನ್ನಡದಲ್ಲಿ ಪಳಗಿದ ಯಂತ್ರಕ್ಕೆ ಅದು ಯಾವ ಭಾಷೆಯೆಂದೇ ಹೊಳೆಯದಿರಬಹುದು.

ಪದಗಳ ಒಳಗೂ ತೊಡಕಿದೆ. ‘ಬೇಜಾರು’ ಎಂಬ ಒಂದೇ ಮಾತು ಹೊತ್ತು ಹೋಗದಿರುವುದನ್ನೂ, ಮನಸ್ಸು ನೊಂದಿರುವುದನ್ನೂ, ಒಬ್ಬರ ಮೇಲಿನ ಮುನಿಸನ್ನೂ ಹೇಳುತ್ತದೆ. ಮೊದಲನೆಯ ಅರ್ಥವನ್ನೇ ಹಿಡಿದ ಯಂತ್ರ ಆಟವಾಡಲು ಸಲಹೆ ಕೊಟ್ಟು ಸುಮ್ಮನಾದೀತು. ‘ಹೊಟ್ಟೆ ಉರಿ’ ಕರ್ನಾಟಕದಲ್ಲಿ ಬಹುಮಟ್ಟಿಗೆ ಅಸೂಯೆ. ತಮಿಳಿನಲ್ಲಿ ಹೊಟ್ಟೆ ಉರಿಯುತ್ತದೆಂದರೆ ಅದು ತಾಳಲಾರದ ಸಂಕಟವೂ ಆಗಬಹುದು. ಆ ನುಡಿಯ ನೆರಳಲ್ಲಿ ಬೆಳೆದ ಮಗುವಿಗೆ ಅಸೂಯೆಯ ಬಗ್ಗೆ ಉಪದೇಶ ದೊರೆತರೆ ಅದು ಮತ್ತೆ ಬಾಯಿ ತೆರೆಯದು. ‘ಸಾಕಾಗಿ ಹೋಗಿದೆ’ ಎಂಬುದಂತೂ ಲೆಕ್ಕದ ಮನೆಪಾಠಕ್ಕೂ ಸಲ್ಲುತ್ತದೆ, ಬದುಕಿಗೂ ಸಲ್ಲುತ್ತದೆ.

ಆದುದರಿಂದ ಸಂಭಾಷಣೆ ಹೆಣೆಯುವವರು ಪದಪಟ್ಟಿಯನ್ನಷ್ಟೇ ನೆಚ್ಚಬಾರದು. ಸಂದೇಹ ಬಂದೆಡೆ ಯಂತ್ರ ಊಹಿಸದೆ ಕೇಳಬೇಕು: ಸಾಕಾಗಿರುವುದು ಓದೇ, ಅಥವಾ ಬದುಕುವುದೇ ಬೇಡವೆನಿಸುತ್ತಿದೆಯೇ? ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಸಂಶೋಧನೆಗಳು ಅದನ್ನು ಸಮರ್ಥಿಸುವುದಿಲ್ಲ. ಹೌದೆಂಬ ಉತ್ತರ ಬಂದೊಡನೆ ಯಂತ್ರ ತನ್ನ ಮಾತು ನಿಲ್ಲಿಸಿ ಮನುಷ್ಯರ ಕೈಗೆ ಒಪ್ಪಿಸಬೇಕು. ತಾನು ಯಂತ್ರವೆಂದು ಮೊದಲ ಸಾಲಿನಲ್ಲೇ ಹೇಳಬೇಕು. ‘ಏಕೆ’ ಎಂದು ಮತ್ತೆ ಮತ್ತೆ ಕೇಳಬಾರದು. ಅದು ಮಕ್ಕಳಿಗೆ ವಿಚಾರಣೆಯಂತೆ ಕೇಳಿಸುತ್ತದೆ. ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬುದನ್ನು ಮಗುವೇ ಆರಿಸಲಿ ಎಂಬುದು ನಮ್ಮ ಅಭಿಪ್ರಾಯ. ಇಂಗ್ಲಿಷಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲವಾದ್ದರಿಂದ ಅನುವಾದಿತ ಸಂಭಾಷಣೆಗಳಲ್ಲಿ ಇದು ಕಡೆಗಣನೆಗೆ ಒಳಗಾಗುವ ಸಾಧ್ಯತೆ ಹೆಚ್ಚು.

ಗೋಪ್ಯತೆಯ ವಿಷಯದಲ್ಲಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರ ಮಾಹಿತಿ ಬಳಕೆಗೆ ಪಾಲಕರ ಒಪ್ಪಿಗೆಯನ್ನು ಸಾಮಾನ್ಯ ನಿಯಮವಾಗಿಸಿದೆ. ನೋವಿನ ಮೂಲ ಮನೆಯೊಳಗೇ ಇರುವ ಮಗುವಿಗೆ ಆ ಒಪ್ಪಿಗೆಯೇ ಗೋಡೆಯಾಗುವುದುಂಟು.

ಸರ್ಕಾರದ ಕಡೆಯಿಂದ ಇರುವ ವ್ಯವಸ್ಥೆ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮೇರು ಕೇಂದ್ರ. 2025ರಲ್ಲಿ ಇದರ ಆ್ಯಪ್‌ಗೆ ‘ಅಸ್ಮಿ’ ಎಂಬ ಚಾಟ್‌ಬಾಟ್ ಕೂಡ ಸೇರಿದೆ. ಆದರೂ ಗಡಿನಾಡಿನ ಮನೆಗಳಿಗೆ ಆ್ಯಪ್‌ಗಿಂತ ದೂರವಾಣಿಯೇ ಹೆಚ್ಚು ಒದಗುತ್ತದೆಂದು ನಮಗನಿಸುತ್ತದೆ. ಅತ್ತ ಕಡೆ ಇರುವುದು ಮನುಷ್ಯರು. ಮಿಶ್ರ ನುಡಿ ಅವರಿಗೆ ಅರ್ಥವಾಗದಿದ್ದರೆ ಮರಳಿ ಕೇಳಬಲ್ಲರು. ಸಂಖ್ಯೆ 14416, ಹಗಲಿರುಳೂ ಉಚಿತ. ಕನ್ನಡ, ತಮಿಳು ಸೇರಿ 20 ಭಾಷೆಗಳಲ್ಲಿ ಸೇವೆಯಿದೆ. ತಮಿಳುನಾಡಿನಲ್ಲಿ ಇದೇ ಸೇವೆಗೆ ‘ನಟ್ಪುಡನ್ ಉಂಗಳೋಡು’ ಎಂಬ ಹೆಸರಿದೆ. ಮಕ್ಕಳ ಮೇಲಿನ ದೌರ್ಜನ್ಯಕ್ಕೆ 1098. ಕಾಸರಗೋಡಿನವರಿಗೆ ಕೇರಳದ ‘ದಿಶಾ’ 1056. ನೇರವಾಗಿ ವೈದ್ಯರನ್ನು ಕಾಣಬೇಕಾದರೆ ಆಂಡಿಪಟ್ಟಿ ತಾಲೂಕಿನ ಕಾನವಿಲಕ್ಕಿನಲ್ಲಿ ತೇನಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ.