ಯಾವ ವರ್ಷದ ರಾಕೆಟ್?

1829ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರೇನ್‌ಹಿಲ್ ಸ್ಪರ್ಧೆ ಗೆದ್ದ ಸ್ಟೀಫನ್‌ಸನ್ನರ ‘ರಾಕೆಟ್’ ಹಳದಿ ಬಣ್ಣದ್ದು. ಅದರ ಸಿಲಿಂಡರುಗಳು ಹಿಂಭಾಗದಲ್ಲಿ ಸುಮಾರು 38 ಡಿಗ್ರಿ ಓರೆಯಾಗಿದ್ದವು. ಪಿಸ್ಟನ್ ಒತ್ತಿದಾಗಲೆಲ್ಲ ಸ್ಪ್ರಿಂಗುಗಳ ಮೇಲೆ ಕೂತ ಎಂಜಿನ್ ತೂಗಾಡುತ್ತಿತ್ತು. ಹೆಚ್ಚು ಕಾಲ ಕಳೆಯುವ ಮೊದಲೇ ಸಿಲಿಂಡರುಗಳನ್ನು ಸುಮಾರು 8 ಡಿಗ್ರಿಗೆ ಇಳಿಸಿದರು, ಮುಂದೆ ಹೊಗೆಪೆಟ್ಟಿಗೆ ಕೂಡಿಸಿದರು. 1836ರಲ್ಲಿ ಮಾರಾಟವಾಗಿ ಕಲ್ಲಿದ್ದಲು ಸಾಲಿನಲ್ಲಿ ದುಡಿದು, 1862ರಲ್ಲಿ ಲಂಡನ್ನಿನ ಪೇಟೆಂಟ್ ಆಫೀಸ್ ಮ್ಯೂಸಿಯಮ್ಮಿಗೆ ಬಂದದ್ದು ಈ ತಿದ್ದಿದ ರಾಕೆಟ್. ಇಂದು ಉಳಿದಿರುವುದೂ ಅದೇ, ಕಪ್ಪಾಗಿ, ಹಲವು ಭಾಗಗಳನ್ನು ಕಳೆದುಕೊಂಡು.

ನಾನು ಜೋಡಿಸುತ್ತಿರುವ ಪ್ಲಾಸ್ಟಿಕ್ ಕಿಟ್ಟಿನಲ್ಲಿ ಕಡಿದಾದ ಸಿಲಿಂಡರುಗಳೂ ಇವೆ, ಆಮೇಲಿನ ಹೊಗೆಪೆಟ್ಟಿಗೆಯೂ ಇದೆ. ಎರಡು ಪಾಠಾಂತರಗಳನ್ನು ಬೆರೆಸಿದ ಹಸ್ತಪ್ರತಿಯ ಹಾಗೆ. ಮೂಲ ನೋಡಿ ತಿದ್ದೋಣವೆಂದರೆ ಮೂಲವೇ ತಿದ್ದಿದ ಪ್ರತಿ! ಹೊಗೆಪೆಟ್ಟಿಗೆ ಕತ್ತರಿಸಿದರೆ ರೇನ್‌ಹಿಲ್ಲಿನ ರಾಕೆಟ್ ಸಿಗುತ್ತದೆ. ಅದಕ್ಕೆ ಅಂದಿನ ಚಿತ್ರ, ಬರಹಗಳೇ ಆಧಾರ. ಸಿಲಿಂಡರ್ ಇಳಿಸಿದರೆ ಮ್ಯೂಸಿಯಮ್ಮಿನದು.

ಮಾಡೆಲ್ ಕಟ್ಟುವ ಬಹಳ ಮಂದಿಗೆ ಮೊದಲನೆಯದೇ ಇಷ್ಟ. ಗೆದ್ದ ದಿನದ ಅಂದ ಯಾರಿಗೆ ಬೇಡ? ನಾನು ಎರಡನೆಯದನ್ನು ಆರಿಸಿದೆ. ತೂಗಾಟವನ್ನು ಗಮನಿಸಿ ಅದಕ್ಕೆ ಪರಿಹಾರ ಹುಡುಕಿದವರ ಬುದ್ಧಿ ಅದರಲ್ಲಿದೆ. ಬಹುಮಾನದ ಕತೆಯಲ್ಲಿ ಆ ಕೆಲಸಕ್ಕೆ ಜಾಗವಿಲ್ಲ. ‘ಮೂಲರೂಪ’ವೊಂದೇ ನಿಜ ಎನ್ನುವ ಸಂಪಾದಕರ ಜೊತೆ ನನಗಿರುವ ಜಗಳವೂ ಇದೇ.

ಕೆಲಸ ಮಾತ್ರ ಸುಲಭವಲ್ಲ. ಸಿಲಿಂಡರಿನ ಆಸರೆಯನ್ನು ಸಣ್ಣ ಗರಗಸದಿಂದ ಬಿಡಿಸಿ, ಕೆಳಗೆ ಅಂಟಿಸಿ, ಹಳೆಯ ತೂತುಗಳಿಗೆ ಪುಟ್ಟಿ ತುಂಬಬೇಕು. ಪಿಸ್ಟನ್ ಕಡ್ಡಿಯ ಅಳತೆ ಈಗ ಹೊಂದುತ್ತಿಲ್ಲ. ಹೊಸದನ್ನು ತಂತಿಯಲ್ಲಿ ಮಾಡಿಕೊಳ್ಳಬೇಕು.