ಕೆಟ್ಟ ವಾಲ್ವನ್ನು ಹುಡುಕಿದವರು

ಹಳೆಯ ಕಾಲದ ರೇಡಿಯೋ ಕಂಡವರಿಗೆ ವಾಲ್ವ್ ಎಂದರೇನೆಂದು ಗೊತ್ತು. ಸ್ವಿಚ್ ಹಾಕಿದ ಮೇಲೆ ಅದು ಕಾಯುವ ತನಕ ಸುಮ್ಮನೆ ಕೂರಬೇಕಿತ್ತು. ನಾಲ್ಕೈದು ವಾಲ್ವುಗಳಲ್ಲಿ ಒಂದು ಸುಟ್ಟುಹೋದರೂ ರೇಡಿಯೋ ಮೂಕವಾಗುತ್ತಿತ್ತು. ಅಂಥ 17,468 ವಾಲ್ವುಗಳನ್ನು ಒಂದೇ ಯಂತ್ರಕ್ಕೆ ಜೋಡಿಸಿದರೆ ಹೇಗಿರಬೇಡ!

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ಮಾಡಿದ್ದು ಇದನ್ನೇ. ಫಿರಂಗಿ ಗುಂಡಿನ ಹಾದಿಯನ್ನು ಲೆಕ್ಕ ಹಾಕಲು ಸೈನ್ಯಕ್ಕಾಗಿ ಅವರು ನಿರ್ಮಿಸಿದ ಎನಿಯಾಕ್ ಎಂಬ ಗಣಕಯಂತ್ರ 1946ರ ಫೆಬ್ರವರಿಯಲ್ಲಿ ಲೋಕಾರ್ಪಣೆಗೊಂಡಿತು. ತೂಕ ಸುಮಾರು 30 ಟನ್. ಸೆಕೆಂಡಿಗೆ 5,000 ಕೂಡಿಕೆಗಳನ್ನು ಮಾಡಬಲ್ಲ ವೇಗ. ಆದರೆ ಇಷ್ಟು ವಾಲ್ವುಗಳಿರುವ ಯಂತ್ರ ಕೆಡದೆ ನಡೆಯುವುದುಂಟೇ ಎಂಬ ಸಂದೇಹ ತಜ್ಞರಲ್ಲೇ ಇತ್ತು. ಸಂದೇಹ ಸುಳ್ಳೂ ಆಗಲಿಲ್ಲ. ಮೊದಮೊದಲು ಹೆಚ್ಚುಕಡಿಮೆ ದಿನವೂ ಕೆಲವು ವಾಲ್ವುಗಳು ಸುಟ್ಟು, ಯಂತ್ರ ಅರ್ಧ ಕಾಲ ನಿಂತೇ ಇರುತ್ತಿತ್ತು.

ಎಕರ್ಟ್ ವಾಲ್ವುಗಳಿಗೆ ಅವು ತಾಳಬಲ್ಲುದಕ್ಕಿಂತ ಕಡಿಮೆ ವಿದ್ಯುತ್ತನ್ನೇ ಕೊಡುತ್ತಿದ್ದರು. ಹೆಚ್ಚಿನ ವಾಲ್ವುಗಳು ಕೆಡುತ್ತಿದ್ದುದು ಯಂತ್ರ ಕಾಯುವಾಗ ಮತ್ತು ಆರುವಾಗ. ಹಾಗಾಗಿ ಅದನ್ನು ಆರಿಸದೇ ಇರುವುದೇ ಮೇಲೆಂದು ಕಂಡುಬಂತು. ಕರೆಂಟಿನ ಖರ್ಚು ಏನಾಗಿರಬೇಕು! ಆದರೂ ಇದರಿಂದ ತೊಂದರೆ ಎರಡು ದಿನಕ್ಕೊಂದು ವಾಲ್ವಿಗೆ ಇಳಿಯಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಎರಡು ದಿನ ನಡೆದ ಯಂತ್ರದಲ್ಲಿ ಕೆಟ್ಟ ವಾಲ್ವನ್ನು ಹುಡುಕಲು ಒಂದು ದಿನ ಹಿಡಿದರೆ ಮೂರರಲ್ಲೊಂದು ಪಾಲು ಸಮಯ ಹಾಳು. ಹದಿನೈದೇ ನಿಮಿಷ ಸಾಕಾದರೆ ಹಾಳಾಗುವುದು ಸುಮಾರು ಇನ್ನೂರರಲ್ಲಿ ಒಂದು ಪಾಲು. ವಾಲ್ವ್ ಅದೇ, ಕೆಡುವುದೂ ಅಷ್ಟೇ. ವ್ಯತ್ಯಾಸವೆಲ್ಲ ಹುಡುಕುವುದರಲ್ಲಿ. ಎಕರ್ಟ್ ಮುಂದೆ 1989ರಲ್ಲಿ ನೆನೆದದ್ದು ಈ ಹದಿನೈದು ನಿಮಿಷವನ್ನೇ.

ಅದು ಸಾಧ್ಯವಾದುದು ಹೇಗೆ? ಯಂತ್ರದ ಮುಖದಲ್ಲಿ ಸಣ್ಣ ನಿಯಾನ್ ದೀಪಗಳಿದ್ದವು. ಒಳಗಿನ ಅಂಕಿಗಳನ್ನು ಅವುಗಳಲ್ಲಿ ಓದಬಹುದಿತ್ತು. ಬೇಕಾದಾಗ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿ, ಎಲ್ಲಿ ತಪ್ಪಿತೆಂದು ಹಿಡಿಯಬಹುದಿತ್ತು. ಕೆಲವು ಭಾಗಗಳನ್ನಂತೂ ಹಾಗೆಯೇ ಎಳೆದು ತೆಗೆದು, ಒಳ್ಳೆಯದನ್ನು ಸಿಕ್ಕಿಸುವ ಹಾಗೆ ಮಾಡಿದ್ದರು.

ಆದರೆ ದೀಪವನ್ನು ಓದುವ ಕಣ್ಣೂ ಬೇಕಲ್ಲ? 1945ರಲ್ಲಿ ಈ ಯಂತ್ರಕ್ಕೆ ಲೆಕ್ಕ ಹೂಡಲು ಆರು ಮಂದಿ ಯುವತಿಯರನ್ನು ಆರಿಸಲಾಗಿತ್ತು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್ ಮತ್ತು ರೂತ್ ಲಿಕ್ಟರ್‌ಮನ್. ಕಲಿಯಲು ಪುಸ್ತಕವಿರಲಿಲ್ಲ. ಯಂತ್ರದ ನಕ್ಷೆಗಳನ್ನು ಕೈಗಿತ್ತು, ಅರ್ಥ ಮಾಡಿಕೊಳ್ಳಿ ಎಂದರು. ಹಾಗೆ ಬುಡದಿಂದ ಕಲಿತದ್ದರಿಂದಲೇ, ದೋಷ ಯಾವ ವಾಲ್ವಿನಲ್ಲಿದೆ ಎಂಬಷ್ಟರ ಮಟ್ಟಿಗೆ ಅವರು ಹೇಳಬಲ್ಲವರಾದರು. ಈ ವಿದ್ಯೆಯನ್ನು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ ಎಂಬುದು ಗಮನಾರ್ಹ.

ಎನಿಯಾಕ್ 1947ರಲ್ಲಿ ಮೇರಿಲ್ಯಾಂಡಿನ ಅಬರ್ಡೀನ್ ಎಂಬಲ್ಲಿನ ಸೇನಾ ಕೇಂದ್ರಕ್ಕೆ ಹೋಯಿತು. 1954ರಲ್ಲಿ ಒಮ್ಮೆ 116 ಗಂಟೆ ಒಂದೂ ದೋಷವಿಲ್ಲದೆ ನಡೆಯಿತು. ಅದರ ಪಾಲಿಗೆ ಅದೇ ದಾಖಲೆ. 1955ರ ಅಕ್ಟೋಬರ್ 2ರ ರಾತ್ರಿ 11.45ಕ್ಕೆ ಅದನ್ನು ಶಾಶ್ವತವಾಗಿ ಆರಿಸಿದರು.

1946ರ ಉದ್ಘಾಟನೆಯ ರಾತ್ರಿಯ ಔತಣಕ್ಕೆ ಆ ಆರು ಮಂದಿಗೆ ಕರೆ ಇರಲಿಲ್ಲ. 1997ರಲ್ಲಿ ಅಮೆರಿಕದ ತಂತ್ರಜ್ಞೆಯರ ಸಂಸ್ಥೆಯೊಂದು ಅವರೆಲ್ಲರನ್ನೂ ಗೌರವಿಸಿತು. ಅಷ್ಟರಲ್ಲಿ ರೂತ್ ಲಿಕ್ಟರ್‌ಮನ್ ತೀರಿಕೊಂಡು 11 ವರ್ಷವಾಗಿತ್ತು.